ನಂಬರು ಎರಡೂ ಶೀಟಿನಲ್ಲಿ ಇದೆ, ವಿಲುಕಪ್ ಮಾತ್ರ ಇಲ್ಲ ಅನ್ನುತ್ತಿದೆ: ದೋಷ ಎಲ್ಲಿ ಹುಡುಕಬೇಕು

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಸೊಸೈಟಿ, ವಖಾರಿಗಳಲ್ಲಿ ಲೆಕ್ಕ ಬರೆಯುವವರಿಂದ ಅಡಿಕೆ ಸೀಸನ್ನಿನಲ್ಲಿ ಬರುವ ಫೋನುಗಳಲ್ಲಿ ಜಾಸ್ತಿ ವಿಲುಕಪ್‌ನದೇ ದೂರು. ವಿಲುಕಪ್ ಅಂದರೆ ಒಂದು ಶೀಟಿನ ನಂಬರನ್ನು ಇನ್ನೊಂದು ಶೀಟಿನಲ್ಲಿ ಹುಡುಕಿ, ಆ ಸಾಲಿನ ಮಾಹಿತಿ ತರುವ ಎಕ್ಸೆಲ್ ಫಂಕ್ಷನ್. "ನಂಬರು ಎರಡೂ ಶೀಟಲ್ಲಿ ಇದ್ದು, ಕಣ್ಣಿಗೆ ಕಾಣ್ತಾ ಇದ್ದು, ಆದ್ರೂ ಎನ್ಎ ಹೇಳ್ತು. ಎಂತ ಮಾಡವು ಮಾರಾಯಾ?" ಅಷ್ಟು ಹೇಳುವ ಹೊತ್ತಿಗೆ ಅವರು ಫಾರ್ಮುಲಾ ಅಳಿಸಿ ಎರಡು ಮೂರು ಸಲ ಹೊಸದಾಗಿ ಬರೆದಾಗಿರುತ್ತದೆ. ಅದೇ ಬೇಡ. ಫಾರ್ಮುಲಾ ಒಂದು ಸಾಲಿನಲ್ಲಾದರೂ ಸರಿಯಾದ ಉತ್ತರ ಕೊಟ್ಟಿದೆ ಅಂದರೆ ಬಹುಮಟ್ಟಿಗೆ ಅದು ಸರಿ ಇದೆ. ತಪ್ಪು ಇರುವುದು ಡೇಟಾದಲ್ಲಿ. ಅದೂ ಕಣ್ಣಿಗೆ ಕಾಣದ ಜಾಗದಲ್ಲಿ.

ಮಾತಾಡಲು ಒಂದು ಫೈಲು ಬೇಕಲ್ಲ, ಹೀಗೆ ಇಟ್ಟುಕೊಳ್ಳೋಣ. ಮೂರು ಶೀಟು. ಒಂದು "ದಾಸ್ತಾನು": ಎ ಕಾಲಮ್ಮಿನಲ್ಲಿ ಲಾಟ್ ನಂಬರು, ಬಿ ಸದಸ್ಯ ನಂಬರು, ಸಿ ಅಡಿಕೆಯ ಬಗೆ, ಡಿ ತೂಕ. ಎರಡನೆಯದು "ಸದಸ್ಯರು": ಎ ನಂಬರು, ಬಿ ಹೆಸರು, ಸಿ ಊರು, ಡಿ ಬ್ಯಾಂಕ್ ಖಾತೆ. ಮೂರನೆಯದು "ದರ": ಬಗೆಗೊಂದು ದರ. ಟೆಂಡರಿನಲ್ಲಿ ಲಾಟಿಗೊಂದು ದರ ಬೀಳುತ್ತದೆ, ಆ ದರ ಅಲ್ಲ ಇದು. ದಾಸ್ತಾನಿನ ಮೇಲೆ ಮುಂಗಡ ಲೆಕ್ಕ ಹಾಕುವಾಗ ರಾಶಿಗೆ ಇಷ್ಟು, ಚಾಲಿಗೆ ಇಷ್ಟು ಅಂತ ಹಿಡಿಯುತ್ತಾರಲ್ಲ, ಅದು. ದಾಸ್ತಾನು ಶೀಟಿನ ಇ ಕಾಲಮ್ಮಿಗೆ ಸದಸ್ಯರ ಹೆಸರು ತರಲು ಫಾರ್ಮುಲಾ ಹೀಗಿದೆ:

=ವಿಲುಕಪ್(ಬಿ2, ಸದಸ್ಯರು!ಎ:ಡಿ, 2, 0)

ಅಂದರೆ ಬಿ2ರ ನಂಬರನ್ನು ಸದಸ್ಯರ ಶೀಟಿನ ಮೊದಲ ಕಾಲಮ್ಮಿನಲ್ಲಿ ಹುಡುಕು, ಆ ಸಾಲಿನ 2ನೇ ಕಾಲಂ ತಾ, ಪಕ್ಕಾ ಹೊಂದಿದರೆ ಮಾತ್ರ (ಕೊನೆಯ 0). ಓದಲು ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ. ಎಕ್ಸೆಲ್‌ನಲ್ಲಿ ಫಂಕ್ಷನ್ ಹೆಸರು, ಕಾಲಂ ಅಕ್ಷರ ಎಲ್ಲ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು, ಗೊತ್ತಲ್ವಾ.

ಮೊದಲು ಯಾವ ಎರರ್ ಅಂತ ನೋಡಿ

ಎಲ್ಲ ಎರರ್ ಒಂದೇ ಅಲ್ಲ. #ಎನ್/ಎ ಅಂದರೆ ಹುಡುಕಿದೆ, ಸಿಗಲಿಲ್ಲ. #ರೆಫ್! ಅಂದರೆ ಇಲ್ಲದ ಕಾಲಂ ಕೇಳಿದ್ದೀರಿ, ನಾಲ್ಕೇ ಕಾಲಂ ಇರುವ ಟೇಬಲ್ಲಿಗೆ 5 ಅಂತ ಕೊಟ್ಟ ಹಾಗೆ. ಇಲ್ಲವೇ ಫಾರ್ಮುಲಾ ನೋಡುತ್ತಿದ್ದ ಶೀಟನ್ನೋ ಕಾಲಮ್ಮನ್ನೋ ಯಾರೋ ಡಿಲೀಟ್ ಮಾಡಿದ್ದಾರೆ. #ನೇಮ್? ಬಂದರೆ ಫಂಕ್ಷನ್ ಹೆಸರಿನ ಸ್ಪೆಲಿಂಗ್ ತಪ್ಪು, ಅಥವಾ ನಿಮ್ಮ ಎಕ್ಸೆಲ್‌ಗೆ ಆ ಫಂಕ್ಷನ್ನೇ ಗೊತ್ತಿಲ್ಲ. 0 ಬಂದರೆ ಸಾಲು ಸಿಕ್ಕಿದೆ, ಆದರೆ ತರಬೇಕಾದ ಸೆಲ್ ಖಾಲಿ. ಸೆಲ್ಲಿನಲ್ಲಿ ಉತ್ತರದ ಬದಲು ಫಾರ್ಮುಲಾನೇ ಅಕ್ಷರವಾಗಿ ಕಂಡರೆ ಆ ಸೆಲ್ಲಿನ ಫಾರ್ಮ್ಯಾಟ್ "ಟೆಕ್ಸ್ಟ್" ಆಗಿದೆ. ಜನರಲ್‌ಗೆ ಬದಲಿಸಿ, ಎಫ್2 ಒತ್ತಿ ಎಂಟರ್ ಕೊಡಿ.

ಎರರ್ರೇ ಇಲ್ಲದೆ ತಪ್ಪು ಉತ್ತರ ಬರುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಅದಕ್ಕೆ ಆಮೇಲೆ ಬರುತ್ತೇನೆ.

#ಎನ್/ಎ: ಒಂದೇ ಒಂದು ಸಾಲು ಹಿಡಿಯಿರಿ

ನೂರು ಸಾಲಿನಲ್ಲಿ ಎರರ್ ಇದ್ದರೂ ಒಂದನ್ನೇ ಹಿಡಿದುಕೊಳ್ಳಿ. ದಾಸ್ತಾನು ಶೀಟಿನ ಬಿ7ರಲ್ಲಿ 1047 ಇದೆ. ಸದಸ್ಯರ ಶೀಟಿನಲ್ಲಿ ಎ48ರಲ್ಲಿ 1047 ಇದೆ, ಕಣ್ಣಾರೆ ಕಾಣುತ್ತಿದೆ. ಖಾಲಿ ಸೆಲ್ಲೊಂದರಲ್ಲಿ ಸುಮ್ನೆ ಹೀಗೆ ಕೇಳಿ:

=ಬಿ7=ಸದಸ್ಯರು!ಎ48

ಫಾಲ್ಸ್ ಅಂತ ಬಂತಾ? ಹಾಗಾದರೆ ವಿಲುಕಪ್‌ನದು ಏನೂ ತಪ್ಪಿಲ್ಲ, ಎರಡೂ ನಿಜವಾಗಿ ಬೇರೆ ಬೇರೆ. ಇನ್ನು ಎರಡು ಪ್ರಶ್ನೆ. =ಲೆನ್(ಬಿ7), =ಲೆನ್(ಸದಸ್ಯರು!ಎ48): ಉದ್ದ ಎಷ್ಟೆಷ್ಟು? =ಈಸ್‌ನಂಬರ್(ಬಿ7), =ಈಸ್‌ನಂಬರ್(ಸದಸ್ಯರು!ಎ48): ಸಂಖ್ಯೆಯೋ ಅಲ್ಲವೋ? ಇಷ್ಟರಲ್ಲೇ ಮುಕ್ಕಾಲು ಕೇಸು ಇತ್ಯರ್ಥ.

ಉದ್ದ ಎರಡಕ್ಕೂ 4, ಆದರೆ ಒಂದಕ್ಕೆ ಟ್ರೂ ಇನ್ನೊಂದಕ್ಕೆ ಫಾಲ್ಸ್ ಬಂದರೆ ಒಂದು ಕಡೆ 1047 ಸಂಖ್ಯೆಯಾಗಿದೆ, ಇನ್ನೊಂದು ಕಡೆ ನಾಲ್ಕು ಅಕ್ಷರದ ಪಠ್ಯವಾಗಿದೆ. ಲೆಕ್ಕದ ಸಾಫ್ಟ್‌ವೇರಿನಿಂದ ತೆಗೆದ ಪಟ್ಟಿಯಲ್ಲಿ ನಂಬರುಗಳು ಹೀಗೆ ಪಠ್ಯವಾಗಿ ಬರುವುದು ಮಾಮೂಲಿ, ಕೈಯಲ್ಲಿ ಟೈಪ್ ಮಾಡಿದ್ದು ಸಂಖ್ಯೆಯಾಗಿರುತ್ತದೆ. ನೀವು ಅಲೈನ್‌ಮೆಂಟ್ ಮುಟ್ಟಿಲ್ಲ ಅಂದರೆ ಸಂಖ್ಯೆ ಸೆಲ್ಲಿನ ಬಲಕ್ಕೆ, ಪಠ್ಯ ಎಡಕ್ಕೆ ನಿಲ್ಲುತ್ತದೆ. ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ಇದ್ದರೂ ಅದೇ ಸೂಚನೆ. ಚಂದ ಕಾಣಲಿ ಅಂತ ಎಲ್ಲವನ್ನೂ ಸೆಂಟರ್ ಮಾಡಿಟ್ಟವರಿಗೆ ಈ ಸುಳಿವು ಸಿಗುವುದಿಲ್ಲ. ನನ್ನ ಕೇಳಿದರೆ ನಂಬರಿನ ಕಾಲಮ್ಮನ್ನು ಸೆಂಟರ್ ಮಾಡಲೇಬಾರದು.

ಇದಕ್ಕೆ ಇನ್ನೊಂದು ಪರೀಕ್ಷೆ ಇದೆ, ನನಗೆ ಇಷ್ಟದ್ದು. =ಕೌಂಟ್‌ಇಫ್(ಸದಸ್ಯರು!ಎ:ಎ, ಬಿ7) ಹಾಕಿ. ಕೌಂಟ್‌ಇಫ್ ಧಾರಾಳಿ. ಸಂಖ್ಯೆಯ 1047ಕ್ಕೂ ಪಠ್ಯದ 1047ಕ್ಕೂ ಭೇದ ಮಾಡುವುದಿಲ್ಲ. ವಿಲುಕಪ್, ಮ್ಯಾಚ್ ಭೇದ ಮಾಡುತ್ತವೆ. ಹಾಗಾಗಿ ಕೌಂಟ್‌ಇಫ್ 1 ಅಂದು ವಿಲುಕಪ್ #ಎನ್/ಎ ಅಂದರೆ ಸಂಖ್ಯೆ–ಪಠ್ಯದ ಜಗಳ ಅಂತಲೇ ಇಟ್ಟುಕೊಳ್ಳಿ.

ಸರಿಪಡಿಸಲು ಸೆಲ್ ಫಾರ್ಮ್ಯಾಟ್ ಬದಲಿಸಿದರೆ ಸಾಲದು, ಒಳಗಿರುವುದು ಹಾಗೇ ಉಳಿಯುತ್ತದೆ. ಪಠ್ಯ ಇರುವ ಕಾಲಂ ಆಯ್ದು ಡೇಟಾ ಟ್ಯಾಬಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ತೆರೆದು, ಏನೂ ಬದಲಿಸದೆ ಫಿನಿಶ್ ಒತ್ತಿ. ಪಠ್ಯವಾಗಿದ್ದ ನಂಬರು ಸಂಖ್ಯೆಯಾಗುತ್ತದೆ. ಮೂಲ ಡೇಟಾ ಮುಟ್ಟುವ ಹಾಗಿಲ್ಲ ಅಂದರೆ ಫಾರ್ಮುಲಾದಲ್ಲಿ ಬಿ7 ಬದಲು ಬಿ7*1 (ಸದಸ್ಯರ ಕಡೆ ಸಂಖ್ಯೆ ಇದ್ದರೆ) ಅಥವಾ ಬಿ7&"" (ಆ ಕಡೆ ಪಠ್ಯ ಇದ್ದರೆ). ಸದಸ್ಯ ನಂಬರಿನಲ್ಲಿ 0047 ಥರ ಮುಂದೆ ಸೊನ್ನೆ ಇದ್ದರೆ ಎರಡೂ ಕಡೆ ಪಠ್ಯವೇ ಇರಲಿ, ಸಂಖ್ಯೆ ಮಾಡಿದರೆ ಸೊನ್ನೆ ಹಾರಿ ಹೋಗುತ್ತದೆ.

ಉದ್ದವೇ ಬೇರೆ ಬಂತು, ಒಂದು ಕಡೆ 4 ಇನ್ನೊಂದು ಕಡೆ 5? ಹಿಂದೆಯೋ ಮುಂದೆಯೋ ಒಂದು ಸ್ಪೇಸ್ ಕೂತಿದೆ. =ಟ್ರಿಮ್(ಎ48) ಅದನ್ನು ತೆಗೆಯುತ್ತದೆ. ಟ್ರಿಮ್ ಮಾಡಿದ ಮೇಲೂ ಲೆನ್ 5 ಅಂತಲೇ ಬಂದರೆ ಅದು ಮಾಮೂಲಿ ಸ್ಪೇಸ್ ಅಲ್ಲ, ವೆಬ್ ಪುಟಗಳಿಂದ ಕಾಪಿ ಮಾಡಿದಾಗ ಬರುವ 160ನೇ ಅಕ್ಷರ ಇರಬಹುದು. ಟ್ರಿಮ್ ಅದನ್ನು ಮುಟ್ಟುವುದಿಲ್ಲ. =ಟ್ರಿಮ್(ಸಬ್‌ಸ್ಟಿಟ್ಯೂಟ್(ಎ48, ಯೂನಿಕ್ಯಾರ್(160), " ")) ಅಂತ ಹಾಕಿ. ಟ್ರಿಮ್‌ನ ಉತ್ತರ ಯಾವಾಗಲೂ ಪಠ್ಯ, ಇದನ್ನು ಮರೆಯಬೇಡಿ. ಸ್ಪೇಸ್ ಹೋಯ್ತು ಅಂತ ಖುಷಿಪಡುವಷ್ಟರಲ್ಲಿ ಸಂಖ್ಯೆ–ಪಠ್ಯದ ಜಗಳ ಹೊಸದಾಗಿ ಶುರುವಾಗುತ್ತದೆ. ಕೊನೆಗೊಂದು *1 ಸೇರಿಸಿ.

ಹೆಸರಿನ ಮೇಲೆ ಹುಡುಕುತ್ತಿದ್ದರೆ

ಹುಡುಕಬೇಡಿ ಅಂತಲೇ ನನ್ನ ಸಲಹೆ. ಒಂದೇ ಊರಿನಲ್ಲಿ ಗಣಪತಿ ಹೆಗಡೆ ಅನ್ನುವವರು ನಾಲ್ಕು ಜನ ಇರುತ್ತಾರೆ, ವಿಲುಕಪ್ ಮೇಲಿಂದ ಮೊದಲು ಸಿಕ್ಕವರನ್ನು ಎತ್ತಿಕೊಂಡು ಬರುತ್ತದೆ, ಉಳಿದ ಮೂವರ ಅಡಿಕೆಯೂ ಅವರ ಲೆಕ್ಕಕ್ಕೇ ಜಮಾ. ಎರರ್ ಇಲ್ಲ, ಏನಿಲ್ಲ. ಒಬ್ಬರು ಹೆಗಡೆ ಅಂತ ಬರೆದದ್ದನ್ನು ಇನ್ನೊಬ್ಬರು ಹೆಗ್ಡೆ ಅಂತ ಬರೆಯುತ್ತಾರೆ. ಊರಿನ ಕಾಲಮ್ಮಿನಲ್ಲಿ ಶಿರಸಿ, ಶಿರ್ಸಿ, ಸಿರ್ಸಿ ಮೂರೂ ಇರುತ್ತವೆ. ನಂಬರೇ ಇಲ್ಲದ ಪಟ್ಟಿಯಾದರೆ ಮೊದಲು ಕೂತು ನಂಬರು ಕೊಡಿ, ಬೇಜಾರಿನ ಕೆಲಸ ಹೌದು, ಆದರೂ ಕೊಡಿ.

ಆದರೆ ಅಡಿಕೆಯ ಬಗೆಗೆ ನಂಬರು ಇರುವುದಿಲ್ಲವಲ್ಲ. ಅಲ್ಲಿ ಕನ್ನಡ ಪದದ ಮೇಲೇ ಹುಡುಕಬೇಕು, ಮತ್ತು ಅಲ್ಲಿ ನಮ್ಮದೇ ಕೆಲವು ತಾಪತ್ರಯ ಇವೆ.

ಒಂದು, ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರು. ಹಳೇ ಶೀಟುಗಳಲ್ಲಿ ಕನ್ನಡ ನುಡಿಯ ಹಳೇ ಫಾಂಟಿನಲ್ಲಿರುತ್ತದೆ. ಪರದೆಯ ಮೇಲೆ "ಕೆಂಪುಗೋಟು" ಅಂತ ಕಂಡರೂ ಸೆಲ್ಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡಿನಲ್ಲಿ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಈಗಿನ ಪದ್ಧತಿಯಲ್ಲಿ, ಟೈಪ್ ಮಾಡಿದ "ಕೆಂಪುಗೋಟು" ಅದಕ್ಕೆ ಜನ್ಮದಲ್ಲಿ ಹೊಂದುವುದಿಲ್ಲ. ಪತ್ತೆ ಸುಲಭ: ಸೆಲ್ ಆಯ್ದು ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಹೋಗಿ ಏನೇನೋ ಬಂದರೆ ಅದು ಹಳೇ ನುಡಿ, ಪರಿವರ್ತಕ ಹಾಕಿ ಯೂನಿಕೋಡಿಗೆ ತನ್ನಿ. ಎರಡೂ ಶೀಟು ಹಳೇ ನುಡಿಯಲ್ಲೇ ಇದೆ, ಹೊಂದುತ್ತಲ್ಲ ಅಂತ ಸುಮ್ಮನಿರಬೇಡಿ. ಆ ಫಾಂಟಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಕ್ಕೆ ಒಂದು ಕನ್ನಡ ರೂಪ, ಸಣ್ಣಕ್ಷರಕ್ಕೆ ಇನ್ನೊಂದು. ವಿಲುಕಪ್ ದೊಡ್ಡದು ಸಣ್ಣದು ನೋಡುವುದೇ ಇಲ್ಲ. ಬೇರೆ ಬೇರೆ ಪದ ಒಂದೇ ಅಂತ ಆಗಿಬಿಡುವ ಸಾಧ್ಯತೆ ಇದೆ. ಅಪರೂಪ, ಆದರೆ ಇದೆ.

ಎರಡು, ಯೂನಿಕೋಡಿನಲ್ಲೇ ಒಂದೇ ಪದ ಎರಡು ಥರ ಕೂರಬಹುದು. "ಕೆಂಪುಗೋಟು" ಸರಿಯಾಗಿದ್ದರೆ ಲೆನ್ 9 ಬರಬೇಕು: ಕ, ಎತ್ವ, ಸೊನ್ನೆ, ಪ, ಉತ್ವ, ಗ, ಓತ್ವ, ಟ, ಉತ್ವ. ಆ ಗೋ ಅಕ್ಷರದ ಓತ್ವ ಒಂದೇ ಚಿಹ್ನೆಯಾಗಿಯೂ ಇರಬಹುದು, ಎರಡು ಮೂರು ತುಂಡಾಗಿಯೂ ಇರಬಹುದು. ನೋಡಲು ಒಂದೇ. ಲೆನ್ 10 ಅಥವಾ 11 ಬಂದರೆ ತುಂಡಾಗಿದೆ ಅಂತ ಅನುಮಾನಪಡಿ, ಪರಿವರ್ತಿಸಿದ ಪಠ್ಯದಲ್ಲಿ ಮೊದಲು ನೋಡಿ. ಬಿಳೆಗೋಟಿಗೂ ಇದೇ ಕಥೆ. ಸಿ7ರಲ್ಲಿ ಕೆಂಪುಗೋಟು ಇದ್ದರೆ =ಯೂನಿಕೋಡ್(ಮಿಡ್(ಸಿ7,7,1)) ಹಾಕಿದಾಗ ಏಳನೇ ಅಕ್ಷರದ ಸಂಖ್ಯೆ ಬರುತ್ತದೆ. ಇಡಿಯಾದ ಓತ್ವಕ್ಕೆ 3275. ಅಲ್ಲಿ 3270 ಅಥವಾ 3274 ಕಂಡರೆ ತುಂಡು.

ಮೂರು, ಅಕ್ಷರ ಒಂದಕ್ಕೊಂದು ಒತ್ತಾಗದಂತೆ ತಡೆಯಲು ಕೀಬೋರ್ಡ್ ಹಾಕುವ ಕಾಣದ ಅಕ್ಷರ. ಸುರೇಶ್‌ಕುಮಾರ್ ಅನ್ನುವ ಹೆಸರಿನ ನಡುವೆ ಇರುತ್ತದಲ್ಲ, ಅದು. ಸಂಖ್ಯೆ 8204. ಅದರ ತಮ್ಮ 8205. ಸಬ್‌ಸ್ಟಿಟ್ಯೂಟ್‌ನಲ್ಲಿ ಯೂನಿಕ್ಯಾರ್(8204) ಕೊಟ್ಟು ತೆಗೆಯಿರಿ, ಆದರೆ ಪಕ್ಕದಲ್ಲಿ ಬೇರೆ ಕಾಲಂ ಮಾಡಿ ಅಲ್ಲಿ ತೆಗೆಯಿರಿ, ಎರಡೂ ಶೀಟಿನಲ್ಲಿ ತೆಗೆಯಿರಿ. ಮೂಲ ಹೆಸರು ಕೆಡಿಸಬೇಡಿ, ಅದನ್ನು ಪ್ರಿಂಟ್ ಹೊಡೆಯಬೇಕು.

ಬಗೆಯ ಕಾಲಮ್ಮಿಗೆ ಇದೆಲ್ಲ ರಗಳೆಯೇ ಬೇಡ ಅಂದರೆ ಡೇಟಾ ವ್ಯಾಲಿಡೇಷನ್ ಹಾಕಿ, ದರದ ಶೀಟಿನಿಂದಲೇ ಡ್ರಾಪ್‌ಡೌನ್ ಕೊಡಿ. ಟೈಪ್ ಮಾಡುವ ಪ್ರಶ್ನೆಯೇ ಇಲ್ಲ.

ಎರರ್ ಇಲ್ಲ, ಉತ್ತರ ತಪ್ಪು

ಈಗ ಕೆಟ್ಟದ್ದಕ್ಕೆ ಬರೋಣ. ಮುಂಗಡದ ಪಟ್ಟಿ ಪ್ರಿಂಟಾಗಿದೆ, ಎಲ್ಲೂ ಎರರ್ ಇಲ್ಲ, ರಾಶಿ ತಂದವರಿಗೆ ಬಿಳೆಗೋಟಿನ ದರ ಬಿದ್ದಿದೆ. ಫಾರ್ಮುಲಾ ನೋಡಿದರೆ:

=ವಿಲುಕಪ್(ಸಿ7, ದರ!ಎ2:ಬಿ6, 2)

ಕೊನೆಯ 0 ಇಲ್ಲ. ಅಷ್ಟೇ. ನಾಲ್ಕನೇ ಭಾಗ ಬಿಟ್ಟರೆ ಎಕ್ಸೆಲ್ ಅದನ್ನು ಟ್ರೂ ಅಂತ ತಿಳಿದುಕೊಳ್ಳುತ್ತದೆ. ಟ್ರೂ ಅಂದರೆ ಅಂದಾಜಿನ ಹುಡುಕಾಟ. ಮೇಲಿಂದ ಒಂದೊಂದೇ ನೋಡುತ್ತಾ ಬರುವುದಿಲ್ಲ, ಟೇಬಲ್ ಅಕಾರಾದಿಯಾಗಿ ಜೋಡಿಸಿದೆ ಅಂತ ನಂಬಿ, ನಿಘಂಟು ತೆರೆಯುವ ಹಾಗೆ ನಡುವಿಗೆ ಹೋಗಿ, ಬೇಕಾದ್ದು ಮುಂದೋ ಹಿಂದೋ ಅಂತ ನೋಡಿ ಅರ್ಧ ಬಿಟ್ಟುಬಿಡುತ್ತದೆ.

ದರದ ಶೀಟು ಹೀಗಿದೆ ಅಂದುಕೊಳ್ಳಿ, ಮೇಲಿಂದ ಕೆಳಗೆ: ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು. ಹುಡುಕುವುದು ರಾಶಿ. ನಡುವೆ ಚಾಲಿ ಇದೆ. ರ ಬರುವುದು ಚ ಆದ ಮೇಲೆ, ಹಾಗಾಗಿ ಮೇಲಿನ ಎರಡು ಸಾಲು ಕೈಬಿಟ್ಟಿತು. ನಮ್ಮ ರಾಶಿ ಇದ್ದದ್ದೇ ಅಲ್ಲಿ! ಉಳಿದದ್ದು ಕೆಂಪುಗೋಟು, ಬಿಳೆಗೋಟು. ಎರಡೂ ರಾಶಿಗಿಂತ ಮುಂಚಿನ ಅಕ್ಷರ, ಸರಿ, ಕೊನೆಯದನ್ನು ಹಿಡಿದು ಬಿಳೆಗೋಟಿನ ದರ ಕೊಟ್ಟಿತು. ಬೆಟ್ಟೆಗೂ ಹೀಗೇ ಬಿಳೆಗೋಟಿನ ದರ. ಕೆಂಪುಗೋಟು ಹುಡುಕಿದರೆ ಕ ಬರುವುದು ಚ ಮುಂಚೆ ಅಂತ ಮೇಲಕ್ಕೆ ಹೋಗುತ್ತದೆ, ಅಲ್ಲಿ ಏನೂ ಸಿಗದೆ #ಎನ್/ಎ. ಚಾಲಿ, ಬಿಳೆಗೋಟು ಎರಡಕ್ಕೆ ಮಾತ್ರ ಸರಿ ಉತ್ತರ. ಜನ ಯಾಮಾರುವುದು ಇಲ್ಲೇ. ಚಾಲಿಯ ಒಂದು ಲಾಟ್ ಹಾಕಿ ನೋಡುತ್ತಾರೆ, ದರ ಸರಿಯಾಗಿ ಬರುತ್ತದೆ, ಕೆಳಗೆ ಎಳೆದು ಮುಗಿಸುತ್ತಾರೆ.

ಹಾಗಂತ ಟ್ರೂ ಕೆಲಸಕ್ಕೆ ಬಾರದ್ದಲ್ಲ. ಗೋದಾಮಿನ ಬಾಡಿಗೆ 30 ದಿನದವರೆಗೆ ಒಂದು, 60ರವರೆಗೆ ಒಂದು, ಹೀಗೆ ಹಂತಹಂತವಾಗಿ ಇದ್ದರೆ ಅದೇ ಬೇಕು. ಮೊದಲ ಕಾಲಮ್ಮಿನಲ್ಲಿ 0, 31, 61, 91 ಅಂತ ಚಿಕ್ಕದರಿಂದ ದೊಡ್ಡದಕ್ಕೆ ಬರೆಯಿರಿ, 45 ದಿನಕ್ಕೆ 31ರ ಸಾಲು ಸಿಗುತ್ತದೆ. ಹೆಸರು, ನಂಬರು, ಬಗೆ ಹುಡುಕುವಾಗ ಮಾತ್ರ 0 ಬಿಡಬೇಡಿ.

ದಿನದ ಲೆಕ್ಕವೇ ತಪ್ಪಿ ಬರುತ್ತಿದ್ದರೆ ತಾರೀಖು ನೋಡಿ. ಕಂಪ್ಯೂಟರು ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು ಓದುತ್ತಿದ್ದರೆ 05/02 ಫೆಬ್ರವರಿ 5 ಆಗುವ ಬದಲು ಮೇ 2 ಆಗುತ್ತದೆ. 13/02 ಬಂದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಅದು ಪಠ್ಯವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ. ತಿಂಗಳ 12ರವರೆಗೆ ಬಲಕ್ಕೆ, 13ರಿಂದ ಎಡಕ್ಕೆ ನಿಂತ ಕಾಲಂ ಕಂಡರೆ ಇದೇ ಕಾಯಿಲೆ. ಎಡಕ್ಕಿರುವುದನ್ನಷ್ಟೇ ಸರಿಮಾಡಿದರೆ ಬಲಕ್ಕಿರುವ ತಪ್ಪು ತಾರೀಖು ಹಾಗೇ ಉಳಿಯುತ್ತದೆ. ವಿಂಡೋಸ್‌ನ ರೀಜನ್ ಭಾರತಕ್ಕೆ ಬದಲಿಸಿ ಫೈಲನ್ನು ಮೂಲದಿಂದ ಮತ್ತೆ ತನ್ನಿ.

ಮೇಲಿನ ಸಾಲು ಸರಿ, ಕೆಳಗೆ ಹೋದಂತೆ ಎನ್ಎ

ಡಾಲರ್ ಚಿಹ್ನೆ ಹಾಕಿಲ್ಲ. ದರ!ಎ2:ಬಿ6 ಅಂತ ಬರೆದು ಕೆಳಗೆ ಎಳೆದರೆ ಮುಂದಿನ ಸಾಲಿನಲ್ಲಿ ಎ3:ಬಿ7, ಆಮೇಲೆ ಎ4:ಬಿ8. ಟೇಬಲ್ಲೇ ಜಾರಿಕೊಂಡು ಹೋಗುತ್ತದೆ. ಫಾರ್ಮುಲಾದಲ್ಲಿ ಆ ಭಾಗ ಆಯ್ದು ಎಫ್4 ಒತ್ತಿ, $ಎ$2:$ಬಿ$6 ಆಗುತ್ತದೆ. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್ಎನ್ ಸೇರಿಸಿ ಒತ್ತಬೇಕು.

ಎಳೆದಾಗ ಎಲ್ಲ ಸಾಲಿಗೂ ಒಂದೇ ಉತ್ತರ ಬಂದರೆ ಅದು ಬೇರೆ, ಕ್ಯಾಲ್ಕುಲೇಷನ್ ಮ್ಯಾನುಯಲ್ ಆಗಿದೆ. ಎಫ್9 ಒತ್ತಿ ನೋಡಿ. ಸರಿಯಾದರೆ ಫಾರ್ಮುಲಾಸ್ ಟ್ಯಾಬಿನಲ್ಲಿ ಆಟೋಮ್ಯಾಟಿಕ್ ಮಾಡಿ.

ನಿನ್ನೆವರೆಗೆ ಸರಿ ಇತ್ತು

ಯಾರೋ ನಡುವೆ ಒಂದು ಕಾಲಂ ತೂರಿಸಿದ್ದಾರೆ. ಸದಸ್ಯರ ಶೀಟಿನಲ್ಲಿ ಹೆಸರಿನ ಪಕ್ಕ "ಫೋನ್" ಅಂತ ಸೇರಿಸಿದರೆ ಊರು ಮೂರನೇ ಕಾಲಮ್ಮಿನಿಂದ ನಾಲ್ಕಕ್ಕೆ ಹೋಯ್ತು, ಆದರೆ ಫಾರ್ಮುಲಾದಲ್ಲಿ 3 ಅಂತ ಕೈಯಲ್ಲಿ ಬರೆದದ್ದು 3 ಆಗಿಯೇ ಇದೆ. ಊರಿನ ಜಾಗದಲ್ಲಿ ಫೋನ್ ನಂಬರು ಬರುತ್ತದೆ. ಇದಕ್ಕೂ, ಹುಡುಕುವ ಕಾಲಮ್ಮಿನ ಎಡಕ್ಕಿರುವುದನ್ನು ವಿಲುಕಪ್ ತರಲಾರದು ಅನ್ನುವ ತೊಂದರೆಗೂ ಔಷಧಿ ಒಂದೇ:

=ಇಂಡೆಕ್ಸ್(ಸದಸ್ಯರು!ಸಿ:ಸಿ, ಮ್ಯಾಚ್(ಬಿ7, ಸದಸ್ಯರು!ಎ:ಎ, 0))

ಹುಡುಕುವ ಕಾಲಂ ಬೇರೆ, ತರುವ ಕಾಲಂ ಬೇರೆ. ಯಾರು ಏನು ತೂರಿಸಿದರೂ ಎಕ್ಸೆಲ್ ತಾನೇ ಅಕ್ಷರ ಬದಲಿಸಿಕೊಳ್ಳುತ್ತದೆ. ಎಕ್ಸ್‌ಲುಕಪ್ ಅನ್ನುವ ಹೊಸ ಫಂಕ್ಷನ್ ಇನ್ನೂ ಸಲೀಸು, ಏನೂ ಹೇಳದಿದ್ದರೆ ಪಕ್ಕಾ ಹೊಂದಾಣಿಕೆಯನ್ನೇ ಹುಡುಕುತ್ತದೆ. ಆದರೆ ಎಕ್ಸೆಲ್ 2019 ಅಥವಾ ಅದಕ್ಕಿಂತ ಹಳೆಯದರಲ್ಲಿ ಅದು ಇಲ್ಲ. 2021 ಅಥವಾ ಅದಕ್ಕಿಂತ ಹೊಸದು, ಇಲ್ಲವೇ ಮೈಕ್ರೋಸಾಫ್ಟ್ 365 ಬೇಕು. ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಮಾಡಿ ಆಫೀಸಿನ ಹಳೇ ಕಂಪ್ಯೂಟರಿಗೆ ಕಳಿಸಿದರೆ ಅಲ್ಲಿ ಹೊಸದಾಗಿ ಲೆಕ್ಕ ಹಾಕಿದ ಕೂಡಲೇ #ನೇಮ್? ಬರುತ್ತದೆ. ಫೈಲು ನಾಲ್ಕು ಕಡೆ ಓಡಾಡುವುದಾದರೆ ಇಂಡೆಕ್ಸ್–ಮ್ಯಾಚ್ ಸಾಕು.

ಖಾತೆ ಸಂಖ್ಯೆ

ಎಕ್ಸೆಲ್ ಸಂಖ್ಯೆಗಳಲ್ಲಿ 15 ಅಂಕೆ ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕೆಯ ಖಾತೆ ಸಂಖ್ಯೆ ಟೈಪ್ ಮಾಡಿದರೆ ಕೊನೆಯದು ಸೊನ್ನೆಯಾಗುತ್ತದೆ, ಹೇಳದೆ ಕೇಳದೆ. ಆಮೇಲೆ ಫಾರ್ಮ್ಯಾಟ್ ಬದಲಿಸಿದರೂ ಹೋದ ಅಂಕೆ ವಾಪಸ್ ಬರುವುದಿಲ್ಲ. ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿ ಆಮೇಲೆ ಟೈಪ್ ಮಾಡಿ. ಇಲ್ಲಿ ಕೌಂಟ್‌ಇಫ್‌ನ ಧಾರಾಳತನ ಮುಳುವಾಗುತ್ತದೆ. ಪಠ್ಯವಾಗಿದ್ದರೂ ಅದನ್ನು ಸಂಖ್ಯೆಯಾಗಿ ಓದಿ ಮೊದಲ 15 ಅಂಕೆ ಒಂದೇ ಇದ್ದ ಎರಡು ಖಾತೆಯನ್ನು ಒಂದೇ ಅನ್ನುತ್ತದೆ. ಖಾತೆ ಸಂಖ್ಯೆ ಎರಡು ಸಲ ಇದೆಯಾ ಅಂತ ಅದರಲ್ಲಿ ಪರೀಕ್ಷೆ ಮಾಡಬೇಡಿ.

ಇಫ್‌ಎರರ್ ಹಾಕುವ ಮುಂಚೆ

ಎರರ್ ಕಂಡರೆ ಅಸಹ್ಯ ಅಂತ ಎಲ್ಲದಕ್ಕೂ ಇಫ್‌ಎರರ್ ಸುತ್ತಿ 0 ಅಂತ ಕೊಡುವವರಿದ್ದಾರೆ. ಮುಂಗಡದ ಲೆಕ್ಕದಲ್ಲಿ ಆ 0 ಮೊತ್ತಕ್ಕೆ ಸೇರಿ ಸದಸ್ಯರಿಗೆ ದುಡ್ಡು ಕಡಿಮೆ ಹೋಗುತ್ತದೆ, ಗೊತ್ತೂ ಆಗುವುದಿಲ್ಲ. ಸುತ್ತಲೇಬೇಕಾದರೆ ಇಫ್‌ಎನ್‌ಎ ಬಳಸಿ, ಎಕ್ಸೆಲ್ 2013ರಿಂದ ಇದೆ. ಸಿಗದಿದ್ದಾಗ ಮಾತ್ರ ಮಾತಾಡುತ್ತದೆ, #ರೆಫ್! ಥರದ್ದನ್ನು ಮುಚ್ಚುವುದಿಲ್ಲ. 0 ಬದಲು "ನಂಬರು ನೋಡಿ" ಅಂತ ಬರೆಸಿ.

ಎಲ್ಲ ಸರಿಹೋಯ್ತು ಅನಿಸಿದ ಮೇಲೆ ಎರಡು ಲೆಕ್ಕ ತಾಳೆ ನೋಡಿ. =ಕೌಂಟ್‌ಇಫ್(ಇ:ಇ, "ನಂಬರು ನೋಡಿ") ಸೊನ್ನೆ ಬರಬೇಕು. ಆಮೇಲೆ ಬಗೆವಾರು ತೂಕವನ್ನು ಸಮ್‌ಇಫ್ಸ್‌ನಲ್ಲಿ ಕೂಡಿಸಿ, ರಾಶಿ ಇಷ್ಟು ಕ್ವಿಂಟಾಲ್, ಚಾಲಿ ಇಷ್ಟು, ಬೆಟ್ಟೆ ಇಷ್ಟು ಅಂತ. ಐದರ ಮೊತ್ತ ಡಿ ಕಾಲಮ್ಮಿನ ಒಟ್ಟು ತೂಕಕ್ಕೆ ಸಮ ಬರಬೇಕು. ಬರದಿದ್ದರೆ ಬಗೆಯ ಕಾಲಮ್ಮಿನಲ್ಲಿ ಇನ್ನೂ ಒಂದು "ಚಾಲಿ " ಇದೆ, ಹಿಂದೆ ಸ್ಪೇಸ್ ಇಟ್ಟುಕೊಂಡು.